ಕೋರ್ಟಿಗೆ ಬಾರದ ಮಣ್ಣಿನ ಬಂಡಿ

— ಮಾವ, ಒಂದು ಕೊಲೆ ಕೇಸು ಹೇಳ್ತೀನಿ, ನಿಮ್ಮ ಅಭಿಪ್ರಾಯ ಬೇಕು. ದೂರು ಕೊಟ್ಟವನೇ ಕತ್ತು ಹಿಚುಕಿದವನು. ಸಿಕ್ಕಿದ ಹೆಣ ಇನ್ಯಾರದ್ದೋ. ಸತ್ತಳು ಅಂತ ಕಡತದಲ್ಲಿ ಬರೆದುಕೊಂಡ ಹೆಂಗಸು ಬೇರೆ ಕಡೆ ಬದುಕಿದ್ದಾಳೆ. ಇಷ್ಟಾದರೂ ಆರೋಪಿಗೆ ಮರಣದಂಡನೆ.

— ಉಜ್ಜಯಿನಿ ಠಾಣೆ ಸರಹದ್ದು. ಫಿರ್ಯಾದಿ ರಾಜನ ಭಾವಮೈದ ಶಕಾರ, ಆರೋಪಿ ಚಾರುದತ್ತ, ಸತ್ತಳು ಅನ್ನಿಸಿಕೊಂಡವಳು ವಸಂತಸೇನೆ. ನನ್ನ ಹತ್ತಿರ ಒಗಟು ಹಾಕಬೇಡ ಕಣೇ. ಮೃಚ್ಛಕಟಿಕದ ಒಂಬತ್ತನೇ ಅಂಕ ಓದದೇ ಇದ್ದ ಕ್ರಿಮಿನಲ್ ವಕೀಲ ಕಾನೂನು ಪುಸ್ತಕ ಅರ್ಧ ಓದಿದ ಹಾಗೆ.

— ನಮ್ಮ ತಂಡ ಈ ಸಲ ಅದನ್ನೇ ಆಡ್ತಿದೆ. ಹತ್ತು ಅಂಕಗಳಲ್ಲಿ ಉಳಿದದ್ದನ್ನ ಹೇಗೋ ಕತ್ತರಿಸಿ ಹೊಂದಿಸಿದ್ದೀವಿ. ಈ ಒಂಬತ್ತು ಮಾತ್ರ ಹಿಡಿತಕ್ಕೆ ಸಿಗ್ತಿಲ್ಲ. ನ್ಯಾಯಾಧೀಶನ ಪಾತ್ರದ ಹುಡುಗ ಅವನನ್ನ ಕೋಡಂಗಿ ಮಾಡಿ ಆಡ್ತಾನೆ. ಜನ ನಗ್ತಾರೆ, ನಿಜ. ಆದರೆ ಅವನು ಅಷ್ಟು ದಡ್ಡನಾ?

— ಅಲ್ಲವೇ ಅಲ್ಲ. ಆ ಅಧಿಕರಣಿಕ ಒಳಗೆ ಬರುವಾಗಲೇ ಏನು ಹೇಳ್ತಾನೆ ನೋಡು. ಎರಡೂ ಕಡೆಯವರು ತಂತಮ್ಮ ತಪ್ಪು ಮುಚ್ಚಿಟ್ಟು, ನಿಜವನ್ನ ದೂರ ತಳ್ಳಿಕೊಂಡೇ ಕೋರ್ಟಿಗೆ ಬರ್ತಾರೆ. ಕೊನೆಗೆ ಹೆಸರು ಕೆಡೋದು ನ್ಯಾಯಾಧೀಶನದ್ದು ಅಂತ. ಪೀಠದಲ್ಲಿ ಅವನೊಬ್ಬನೇ ಕೂತಿಲ್ಲ. ಪಕ್ಕದಲ್ಲಿ ವರ್ತಕರ ಮುಖಂಡ ಶ್ರೇಷ್ಠಿ, ಬರೆದುಕೊಳ್ಳೋಕೆ ಕಾಯಸ್ಥ. ವಿಚಾರಣೆಗೆ ಎರಡು ಮುಖ ಅಂತಾನೆ: ಒಂದು ಜನರ ಮಾತು, ಇನ್ನೊಂದು ಸಂಗತಿ. ಮಾತು ವಾದಿ ಪ್ರತಿವಾದಿಗಳಿಂದ ಬರುತ್ತೆ, ಸಂಗತಿಯನ್ನ ನ್ಯಾಯಾಧೀಶ ತನ್ನ ಬುದ್ಧಿಯಿಂದ ಬಿಡಿಸಬೇಕು. ಇಷ್ಟು ತಿಳಿದವನು ಎಡವೋದನ್ನ ತೋರಿಸಿದರೆ ನಾಟಕ. ಕೋಡಂಗಿ ಎಡವಿದರೆ ಯಾರಿಗೇನು?

— ಹಾಗಾದರೆ ಎಲ್ಲಿ ಕೆಟ್ಟಿತು?

— ಶುರುವಿನಲ್ಲೇ. ಶಕಾರನ ದೂರನ್ನ ಇವತ್ತು ತಗೊಳ್ಳಲ್ಲ ಅಂತಾರೆ. ಅವನು, ಭಾವನಿಗೆ ಹೇಳಿ ಈ ನ್ಯಾಯಾಧೀಶನನ್ನ ಎತ್ತಂಗಡಿ ಮಾಡಿಸ್ತೀನಿ, ಬೇರೆಯವನನ್ನ ಕೂರಿಸ್ತೀನಿ ಅಂತಾನೆ. ತಕ್ಷಣ ದೂರು ಸ್ವೀಕಾರ! ಆಮೇಲೆ ಅವನ ಹೇಳಿಕೆ: ಪುಷ್ಪಕರಂಡಕ ಉದ್ಯಾನಕ್ಕೆ ಹೋಗಿದ್ದೆ, ಹೆಂಗಸಿನ ಹೆಣ ಕಂಡೆ, ದುಡ್ಡಿನಾಸೆಗೆ ಯಾರೋ ತೋಳಿನಿಂದ ಕತ್ತು ಬಿಗಿದು ವಸಂತಸೇನೆಯನ್ನ ಕೊಂದಿದ್ದಾರೆ, ನಾನಲ್ಲ.

— ಹೇಳಿದವನೇ ಬಾಯಿ ಮುಚ್ಚಿಕೊಳ್ತಾನೆ.

— ಹೂಂ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟುಬಿಟ್ಟ. ನ್ಯಾಯಾಧೀಶನ ಕಿವಿ ಚುರುಕಾಗೇ ಇದೆ. ‘ನಾನಲ್ಲ’ ಅನ್ನೋದನ್ನ ಮೊದಲು ಬರೆದುಕೋ ಅಂತ ಕಾಯಸ್ಥನಿಗೆ ಹೇಳ್ತಾನೆ. ಅವನು ಬರೀತಾನೆ ಕೂಡ. ಶಕಾರ, ಬಿಸಿ ಪಾಯಸಕ್ಕೆ ಆತುರಪಟ್ಟವನ ಹಾಗೆ ನನ್ನ ಕೆಲಸ ನಾನೇ ಕೆಡಿಸಿಕೊಂಡೆನಲ್ಲ ಅಂತ ಒಳಗೊಳಗೇ ಬೈದುಕೊಂಡು, ಬರೆದದ್ದನ್ನ ಕಾಲಿನಲ್ಲಿ ಅಳಿಸಿಬಿಡ್ತಾನೆ. ಇಡೀ ವಿಚಾರಣೆಯಲ್ಲಿ ನಿಜವಾದ ಅಪರಾಧಿಯ ವಿರುದ್ಧ ಇದ್ದ ಒಂದೇ ದಾಖಲೆ. ಕೋರ್ಟಿನ ಎದುರಿಗೇ, ಪಾದದ ಕೆಳಗೆ ಹೋಯ್ತು. ಮತ್ತೆ ಬರೆ ಅಂತ ಒಬ್ಬರೂ ಹೇಳಲಿಲ್ಲ.

— ನಾನು ಅದನ್ನ ತಮಾಷೆ ಅಂದುಕೊಂಡಿದ್ದೆ.

— ತಮಾಷೆಯೇ. ಶಕಾರ ಬಾಯಿ ಬಿಟ್ಟರೆ ನಗು ಬರಬೇಕು, ಅವನು ರಾಮಾಯಣ ಮಹಾಭಾರತ ಎಲ್ಲ ಕಲಸಿ ಮಾತಾಡೋನು. ಆದರೆ ಕಾಲಿನ ಆ ಕೆಲಸವನ್ನ ಬೆಳಕಿನಲ್ಲಿ ಮಾಡಿಸು. ಹಿಂದಿನ ಸಾಲಿನವರಿಗೂ ಕಾಣಬೇಕು. ಪೀಠದವರು ಕಂಡೂ ಕಾಣದ ಹಾಗೆ ಬೇರೆ ಕಡೆ ನೋಡಬೇಕು.

— ಆಮೇಲೆ ಕೇಳ್ತಾರಲ್ಲ, ದುಡ್ಡಿಗೋಸ್ಕರ ಕೊಂದರು ಅಂತ ನಿನಗೆ ಹೇಗೆ ಗೊತ್ತು ಅಂತ. ಕೊರಳು ಬರಿದಾಗಿತ್ತು, ಒಡವೆ ಇರಬೇಕಾದ ಕಡೆ ಚಿನ್ನ ಇರಲಿಲ್ಲ ಅಂತಾನೆ. ಪೀಠ ತಲೆ ಆಡಿಸುತ್ತೆ.

— ಅವನು ಹೇಳಿದ್ದು ಸುಳ್ಳಲ್ಲವಲ್ಲ! ಕೊರಳು ಬರಿದಾಗಿದ್ದದ್ದು ಹೌದು. ಅದನ್ನೇ ನೀನು ಈ ಅಂಕದಲ್ಲಿ ಹಿಡೀಬೇಕಾದ್ದು. ಸಾಕ್ಷ್ಯ ಅಂತ ಬಂದ ಒಂದೊಂದು ವಸ್ತುವೂ ನಿಜ. ಬರಿಗೊರಳು ನಿಜ. ಬಂಡಿ ಚಾರುದತ್ತನದ್ದು, ನಿಜ. ಹೆಣ ಹೆಂಗಸಿನದು, ನಿಜ. ಒಡವೆ ವಸಂತಸೇನೆಯದು, ಚಾರುದತ್ತನ ಮನೆಯಿಂದ ಬಂದದ್ದು, ಅದೂ ನಿಜ. ನಾಲ್ಕೂ ಸೇರಿ ಒಬ್ಬ ನಿರಪರಾಧಿಯ ಕತ್ತಿಗೆ ಬಂತು.

— ಬಂಡಿ ವಿಷಯ ನನಗೆ ಇನ್ನೂ ಗೋಜಲು.

— ಎರಡು ಬಂಡಿ ಇತ್ತು. ವಸಂತಸೇನೆ ಚಾರುದತ್ತನ ಬಂಡಿ ಅಂದುಕೊಂಡು ಶಕಾರನ ಬಂಡಿ ಹತ್ತಿದಳು. ಚಾರುದತ್ತನ ಬಂಡಿ ಹತ್ತಿದವನು ಸೆರೆಮನೆ ಮುರಿದು ಓಡಿಬಂದ ಆರ್ಯಕ, ರಾಜ ಪಾಲಕನ ವೈರಿ. ದಾರಿಯಲ್ಲಿ ಕಾವಲುಗಾರರು ಬಂಡಿ ತಡೀತಾರೆ. ಚಂದನಕ ಒಳಗೆ ಇಣುಕಿ, ಆರ್ಯಕನನ್ನ ಕಂಡೂ, ಒಳಗಿರೋದು ವಸಂತಸೇನೆ ಅಂತ ಬಿಟ್ಟುಬಿಡ್ತಾನೆ. ವೀರಕ ನಂಬದೆ ತಾನೂ ನೋಡ್ತೀನಿ ಅಂದದ್ದಕ್ಕೆ ಒದೆ ಬಿತ್ತು. ಆ ಒದೆಯ ದೂರು ಕೊಡೋಕೆ ವೀರಕ ಅದೇ ಹೊತ್ತಿಗೆ ಕೋರ್ಟಿಗೆ ಬಂದ. ಬಂದವನು, ಬಂಡಿ ಚಾರುದತ್ತನದು, ಒಳಗೆ ವಸಂತಸೇನೆ ಉದ್ಯಾನಕ್ಕೆ ಹೋಗ್ತಿದ್ದಳಂತೆ ಅಂತ ಹೇಳಿಬಿಟ್ಟ.

— ಅವನು ಕಣ್ಣಲ್ಲಿ ನೋಡೇ ಇಲ್ಲ.

— ನೋಡೋಕೆ ಬಿಡದೇ ಇದ್ದದ್ದೇ ಅವನ ದೂರು! ಇಂಥ ಕೇಳಿದ ಮಾತನ್ನ ನಮ್ಮ ಕೋರ್ಟಿನಲ್ಲಿ ಆಡಿದ್ದರೆ ನಾನು ಎದ್ದು ನಿಲ್ಲೋದರೊಳಗೆ ನ್ಯಾಯಾಧೀಶರೇ ತಡೀತಿದ್ದರು. ಅಲ್ಲಿ ಏನಾಯ್ತು? ಬಾಗಿಲಲ್ಲಿ ಕುದುರೆ ಇದೆ, ಹತ್ತಿಕೊಂಡು ಹೋಗಿ ತೋಟದಲ್ಲಿ ಹೆಂಗಸಿನ ಹೆಣ ಇದೆಯಾ ನೋಡಿಕೊಂಡು ಬಾ ಅಂತ ಆ ವೀರಕನನ್ನೇ ಕಳಿಸಿದರು. ಪಂಚರಿಲ್ಲ, ಮಹಜರಿಲ್ಲ. ಬಾ, ನೀನೀಗ ವೀರಕ. ನಾನು ಪಾಟೀಸವಾಲು ಮಾಡ್ತೀನಿ. ತೋಟದಲ್ಲಿ ಏನು ಕಂಡೆ?

— ಹೆಂಗಸಿನ ಹೆಣ ಸ್ವಾಮಿ. ಕಾಡುಪ್ರಾಣಿಗಳು ತಿನ್ನುತ್ತಿದ್ದವು.

— ಹೆಂಗಸು ಅಂತ ಹೇಗೆ ಗೊತ್ತಾಯ್ತು?

— ಉಳಿದಿದ್ದ ಕೂದಲು, ಕೈಕಾಲು ನೋಡಿ.

— ವಸಂತಸೇನೆಯದ್ದೇ ಅಂತ ಹೇಗೆ ಗೊತ್ತಾಯ್ತು?

— ಅದನ್ನ ನಾನು ಹೇಳೇ ಇಲ್ಲ ಸ್ವಾಮಿ. ಹೆಣ ಇದೆಯಾ ಅಂತ ಕೇಳಿದಿರಿ, ಇದೆ ಅಂದೆ.

— ಭೇಷ್. ಕತ್ತಿನ ಮೇಲೆ ಬಿಗಿದ ಗುರುತಿತ್ತಾ?

— ಕತ್ತೇ ಇತ್ತೋ ಇಲ್ಲವೋ.

— ಹೆಣದ ಹತ್ತಿರ ಮರ ಬಿದ್ದಿತ್ತಾ?

— ಮರಾನಾ? ಮಾವ, ಇದು ಎಲ್ಲಿಂದ ಬಂತು?

— ಎಂಟನೇ ಅಂಕ ಕತ್ತರಿಸೋ ಆತುರದಲ್ಲಿ ಅದನ್ನೂ ಕತ್ತರಿಸಿದ್ದೀಯ, ನನಗೆ ಗೊತ್ತು. ಶಕಾರ ವಸಂತಸೇನೆಯ ಕತ್ತು ಹಿಚುಕಿದ ಮೇಲೆ, ಒಣಗಿದ ಎಲೆ ಮುಚ್ಚುವ ಮೊದಲು, ಅವನ ಜೊತೆಗಾರ ವಿಟ ವಾಪಸು ಬರ್ತಾನಲ್ಲ, ಬರುವಾಗ ಒಂದು ಮಾತು ಆಡ್ತಾನೆ: ದಾರಿಯಲ್ಲಿ ಒಂದು ಮರ ಉರುಳಿದೆ, ಅದು ಬಿದ್ದು ಒಬ್ಬ ಹೆಂಗಸು ಸತ್ತಿದ್ದಾಳೆ. ಇದೇನು ಪಾಪ ಮಾಡಿದೆ ಅಂತ ಮರಕ್ಕೇ ಬೈತಾನೆ. ಅಪಶಕುನ ಅಂದುಕೊಂಡು ಮುಂದೆ ಹೋಗ್ತಾನೆ, ಓದುಗನೂ ಹೋಗ್ತಾನೆ. ಮುಂದೆ ವೀರಕ ಕಂಡ ಹೆಣ ಅವಳದ್ದು ಅಂತ ನಾಟಕಕಾರ ಶೂದ್ರಕ ಎಲ್ಲೂ ಬಾಯಿಬಿಟ್ಟು ಹೇಳಲ್ಲ. ಆದರೆ ನಾಟಕದಲ್ಲಿ ಬೇರೆ ಹೆಣವೇ ಇಲ್ಲ. ವಸಂತಸೇನೆಯನ್ನ ಅಷ್ಟು ಹೊತ್ತಿಗೆ ಒಬ್ಬ ಭಿಕ್ಷು ಒದ್ದೆ ಬಟ್ಟೆಯ ನೀರು ಹಿಂಡಿ ಬದುಕಿಸಿ ಕರೆದುಕೊಂಡು ಹೋಗಿಯಾಗಿದೆ. ಎಲೆ ರಾಶಿ ಖಾಲಿ.

— ಅಂದರೆ ಆ ಒಂದು ಸಾಲು ಇಲ್ಲದೇ ಇದ್ದಿದ್ದರೆ ವೀರಕ ಬರಿಗೈಯಲ್ಲಿ ಬರಬೇಕಿತ್ತು.

— ಚಾರುದತ್ತ ಮನೆಗೆ ಹೋಗ್ತಿದ್ದ. ಈಗಿನ ಕಾಲವಾಗಿದ್ದರೆ ಎಲುಬು, ಹಲ್ಲು, ಕೂದಲ ಬುಡ ಎಲ್ಲ ಪ್ರಯೋಗಾಲಯಕ್ಕೆ ಹೋಗ್ತಿತ್ತು. ವಸಂತಸೇನೆಯ ಹೆತ್ತ ತಾಯಿ ಕೋರ್ಟಿನಲ್ಲೇ ಕೂತಿದ್ದಾಳೆ, ಅವಳ ರಕ್ತ ತೆಗೆದು ಡಿಎನ್‌ಎ ಹೋಲಿಸಿದರೆ ಇದು ನಿನ್ನ ಮಗಳಲ್ಲ ಅಂತ ಗೊತ್ತಾಗಿಬಿಡೋದು. ಆದರೆ ಅದಕ್ಕೆ ಡಿಎನ್‌ಎ ಬೇಕಾಗಿರಲಿಲ್ಲ. ಆ ತಾಯಿಯನ್ನೇ ಕುದುರೆ ಗಾಡಿಯಲ್ಲಿ ಕಳಿಸಿದ್ದರೆ ಸಾಕಿತ್ತು. ಕೈ ನೋಡಿ ಹೇಳ್ತಿದ್ದಳು. ಹೆಣ ನೋಡೋಕೆ ಹೋದವನನ್ನ ಯಾರದ್ದು ಅಂತ ಕೇಳಲಿಲ್ಲ, ಹೇಳಬಲ್ಲವಳು ಹೋಗಲಿಲ್ಲ.

— ಸರಿ, ಒಡವೆಗೆ ಬನ್ನಿ. ನನಗೆ ಕಷ್ಟ ಇರೋದೇ ಅಲ್ಲಿ. ಚಾರುದತ್ತನ ಗೆಳೆಯ ಮೈತ್ರೇಯ ಒಳಗೆ ಬರ್ತಾನೆ, ಶಕಾರನ ಜೊತೆ ಜಗಳ, ಕೈ ಎತ್ತುತ್ತಾನೆ, ಕಂಕುಳಿಂದ ಒಡವೆ ಉದುರುತ್ತೆ. ಇಡೀ ಮೊಕದ್ದಮೆ ತಿರುಗೋದು ಒಂದು ಕಂಕುಳ ಮೇಲೆ ಅಂದರೆ ಪ್ರೇಕ್ಷಕರು ನಂಬಬೇಕಲ್ಲ.

— ಯಾಕೆ ನಂಬಲ್ಲ? ಅವನು ಆ ಒಡವೆಯನ್ನ ವಸಂತಸೇನೆಗೆ ವಾಪಸು ಕೊಡೋಕೆ ಹೊರಟಿದ್ದ. ಗೆಳೆಯನನ್ನ ಕೋರ್ಟಿಗೆ ಕರೆಸಿದ್ದಾರೆ ಅಂತ ದಾರಿಯಲ್ಲಿ ಕೇಳಿ ಓಡಿ ಬಂದ. ಬೇರೆಯವರ ಚಿನ್ನ ಕೈಯಲ್ಲಿಟ್ಟುಕೊಂಡವನು ಕಂಕುಳಲ್ಲಿ ಅವುಚಿಕೊಳ್ಳದೆ ಇನ್ನೇನು ಮಾಡ್ತಾನೆ? ಉದುರಿದ ಕೂಡಲೇ ಅದನ್ನ ಎತ್ತಿಕೊಂಡವನು ಯಾರು? ಶಕಾರ. ಇವಳನ್ನ ಕೊಂದದ್ದು ಈ ಚಿನ್ನಕ್ಕೇ ಅಂತ ಕೂಗಿದವನೂ ಅವನೇ. ಫಿರ್ಯಾದಿಯ ಕೈಗೆ ಮುದ್ದೆಮಾಲು! ನಮ್ಮಲ್ಲಿ ಜಪ್ತಿ ಮಾಡಿದ ವಸ್ತುವನ್ನ ಪಂಚರ ಎದುರಿಗೆ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಅರಗು ಇಟ್ಟು ಮೊಹರು ಒತ್ತಬೇಕು. ಪಂಚರ ಸಹಿ ಇರೋ ಚೀಟಿ ಅಂಟಿಸಬೇಕು. ಅದೇ ಗಂಟನ್ನ ಕೋರ್ಟಿನಲ್ಲಿ ಬಿಚ್ಚುವಾಗ ಮೊಹರು ಒಡೆದಿದೆಯಾ, ದಾರ ಬದಲಾಗಿದೆಯಾ ಅಂತ ಮೊದಲು ನೋಡೋದು. ಒಳಗಿನ ಚಿನ್ನ ಆಮೇಲೆ.

— ತಾಯಿಗೆ ತೋರಿಸ್ತಾರಲ್ಲ. ಅವಳು ನೋಡಿ, ಹಾಗೇ ಇದೆ, ಆದರೆ ಅದಲ್ಲ ಅಂತಾಳೆ.

— ಆ ಸಾಕ್ಷಿಗೆ ನಾನು ಕೈ ಮುಗೀತೀನಿ. ಮಗಳು ಸತ್ತಳು ಅಂತ ನಂಬಿದ್ದಾಳೆ. ಕೊಂದವನು ಅಂತ ತೋರಿಸಿದವನು ಎದುರಿಗೇ ಇದ್ದಾನೆ. ಆದರೂ ಅವನನ್ನ ಉಳಿಸೋಕೆ ಸುಳ್ಳು ಹೇಳ್ತಾಳೆ. ಕಣ್ಣು ಹೌದು ಅಂತಿದೆ, ಬಾಯಿ ಮಾತ್ರ ಇಲ್ಲ ಅಂತಿದೆ ಅಂತ ಶಕಾರ ಕುಟುಕ್ತಾನೆ. ಅಷ್ಟು ಮಟ್ಟಿಗೆ ಅವನು ಸರಿ. ನಮ್ಮ ಭಾಷೆಯಲ್ಲಿ ಸಾಕ್ಷಿ ತಿರುಗಿಬಿದ್ದಳು.

— ಸುಳ್ಳಾದರೂ ಕೋರ್ಟು ಅದನ್ನ ತಳ್ಳಿಹಾಕೋ ಹಾಗಿಲ್ಲವಲ್ಲ. ಅಕ್ಕಸಾಲಿಗರು ಒಂದು ನೋಡಿ ಅದರಂತೆ ಇನ್ನೊಂದು ಮಾಡ್ತಾರೆ ಅಂತ ನ್ಯಾಯಾಧೀಶನೇ ಒಪ್ಪಿಕೊಳ್ತಾನೆ.

— ಒಪ್ಪಲೇಬೇಕು. ಒಡವೆ ಗುರುತಿಸೋದು ಸುಲಭ ಅಲ್ಲ. ಅದೇ ತರಹದ ಬೇರೆ ಒಡವೆಗಳ ಜೊತೆ ಬೆರೆಸಿಟ್ಟು, ಇದರಲ್ಲಿ ನಿಮ್ಮದು ಯಾವುದು ತೋರಿಸಿ ಅನ್ನಬೇಕು. ಒಂದನ್ನೇ ಮುಂದೆ ಹಿಡಿದು ಇದು ನಿಮ್ಮದಾ ಅಂತ ಕೇಳಿದರೆ ಅದು ಗುರುತೇ ಅಲ್ಲ. ನನ್ನ ಕಸುಬಿನಲ್ಲಿ ಕಂಡದ್ದು ಹೇಳ್ತೀನಿ: ಹೆಂಗಸರು ಸರ ಗುರುತಿಸೋದು ತೂಕದಿಂದಲ್ಲ, ಡಿಸೈನಿನಿಂದಲೂ ಅಲ್ಲ. ರಿಪೇರಿಯಿಂದ. ಕೊಂಡಿ ಹೋಗಿತ್ತು, ಬೇರೆ ಹಾಕಿಸಿದ್ದೆ, ಬೆಸುಗೆ ಹತ್ತಿರ ಬಣ್ಣ ಸ್ವಲ್ಪ ಮಂಕು ನೋಡಿ ಸ್ವಾಮಿ ಅಂತಾರೆ. ತಿರುಗಿಸಿ ನೋಡಿದರೆ ಇರುತ್ತೆ. ಅದಕ್ಕೆ ಎದುರು ವಕೀಲ ಏನೂ ಮಾಡೋಕಾಗಲ್ಲ. ಉಜ್ಜಯಿನಿಯ ಪೀಠಕ್ಕೆ ಈ ತಾಯಿ ಕೈಯಿಂದ ಅದು ಸಿಗಲಿಲ್ಲ. ಹಾಗಾಗಿ ಆರೋಪಿಯ ಬಾಯಿಗೇ ಕೈ ಹಾಕಿದರು.

— ಚಾರುದತ್ತನೂ ಕೊಟ್ಟುಬಿಟ್ಟ. ಒಡವೆ ನಿನ್ನದಾ? ಅಲ್ಲ. ಯಾರದ್ದು? ಇವಳ ಮಗಳದ್ದು. ಅವಳಿಂದ ಹೇಗೆ ಬಂತು? ಹೀಗೇ ಬಂತು. ಇದೇ ಒಡವೆಗಳೋ ಅಲ್ಲವೋ ನನಗೆ ತಿಳಿಯದು, ನನ್ನ ಮನೆಯಿಂದ ಬಂದದ್ದು ಅಂತ ಮಾತ್ರ ಬಲ್ಲೆ. ಓದುವಾಗ ನನಗೆ ಅವನನ್ನ ಹಿಡಿದು ಅಲ್ಲಾಡಿಸಬೇಕು ಅನ್ನಿಸುತ್ತೆ.

— ಆ ‘ಹೀಗೇ’ ಅನ್ನೋದರ ಒಳಗೆ ನಾಟಕದ ಹೆಸರೇ ಕೂತಿದೆ. ಆರನೇ ಅಂಕ ನೆನಪಿಸಿಕೋ. ಚಾರುದತ್ತನ ಮಗ ರೋಹಸೇನ ನೆರೆಮನೆ ಹುಡುಗನ ಚಿನ್ನದ ಬಂಡಿ ಕಂಡು, ದಾಸಿ ಮಾಡಿಕೊಟ್ಟ ಮಣ್ಣಿನ ಬಂಡಿ ಬೇಡ ಅಂತ ಅಳ್ತಾನೆ. ವಸಂತಸೇನೆ ಮೈಮೇಲಿನ ಒಡವೆ ಬಿಚ್ಚಿ ಆ ಬಂಡಿಗೆ ತುಂಬುತ್ತಾಳೆ, ಇದರಲ್ಲಿ ಚಿನ್ನದ ಬಂಡಿ ಮಾಡಿಸಿಕೋ ಅಂತ. ಶಕಾರ ಹೇಳಿದ ಬರಿಗೊರಳಿಗೂ ಮೈತ್ರೇಯನ ಕಂಕುಳಿನ ಗಂಟಿಗೂ ಅದೇ ಕಾರಣ. ಒಂದೇ ಉಡುಗೊರೆ. ಕೋರ್ಟು ಅದರ ಎರಡು ತುದಿ ಹಿಡಿದುಕೊಂಡು ಕೊಲೆ ಅಂತ ಗಂಟು ಹಾಕಿತು. ಮಧ್ಯದಲ್ಲಿ ಇರಬೇಕಾದ ಮಣ್ಣಿನ ಬಂಡಿ ಕೋರ್ಟಿಗೆ ಬರಲೇ ಇಲ್ಲ.

— ಮೈತ್ರೇಯನಿಗೆ ಗೊತ್ತಿತ್ತು! ಅವನು ಅಲ್ಲೇ ನಿಂತಿದ್ದಾನೆ.

— ಗೊತ್ತಿತ್ತು. ಅವನನ್ನ ಯಾರೂ ಕಟಕಟೆಗೆ ಕರೆಯಲಿಲ್ಲ. ಆ ದಾಸಿ ರದನಿಕೆ ಕಣ್ಣಾರೆ ಕಂಡವಳು, ಅವಳನ್ನೂ ಕರೆಯಲಿಲ್ಲ. ನನ್ನ ಸಿಟ್ಟೆಲ್ಲ ಇಲ್ಲೇ. ಕೊಲೆಯಾದವರ ಒಡವೆ ಒಬ್ಬನ ಹತ್ತಿರ ಸಿಕ್ಕಿದರೆ ಅನುಮಾನ ಪಡೋದು ತಪ್ಪಲ್ಲ. 1872ರ ಸಾಕ್ಷ್ಯ ಕಾಯಿದೆಯ 114ನೇ ಕಲಮು ಅದನ್ನೇ ಹೇಳ್ತಿತ್ತು: ಕಳವಾದ ಸ್ವಲ್ಪ ಹೊತ್ತಿಗೇ ಮಾಲು ಯಾರ ಬಳಿ ಇದೆಯೋ ಅವನು ಕಳ್ಳ, ಇಲ್ಲವೇ ಕದ್ದದ್ದು ಅಂತ ಗೊತ್ತಿದ್ದೂ ತಗೊಂಡವನು ಅಂತ ಭಾವಿಸಬಹುದು, ಅವನು ವಿವರಣೆ ಕೊಡದೇ ಇದ್ದರೆ. 2024ರ ಜುಲೈ 1ರಿಂದ ಬಂದ ಹೊಸ ಅಧಿನಿಯಮದಲ್ಲೂ ಅದು ಉಳಿದಿದೆ. ಭಾವಿಸಬಹುದು ಅಂತ ಇದೆ, ಭಾವಿಸಲೇಬೇಕು ಅಂತಿಲ್ಲ. 1984ರಲ್ಲಿ ಸುಪ್ರೀಂ ಕೋರ್ಟು ಸಾಂದರ್ಭಿಕ ಸಾಕ್ಷ್ಯಕ್ಕೆ ಐದು ಸೂತ್ರ ಹಾಕಿಕೊಟ್ಟಿತು. ಸರಪಳಿ ಎಲ್ಲೂ ಕಡಿದಿರಬಾರದು, ಆರೋಪಿ ನಿರಪರಾಧಿ ಅನ್ನೋ ಬೇರೆ ಯಾವ ವಿವರಣೆಗೂ ಎಡೆ ಇರಬಾರದು. ಚಾರುದತ್ತನ ಕೇಸಿನಲ್ಲಿ ಆ ಬೇರೆ ವಿವರಣೆ ಮೈತ್ರೇಯನ ನಾಲಗೆ ತುದಿಯಲ್ಲಿತ್ತು.

— ಆದರೆ ಆರೋಪಿಯೇ ವಿವರಣೆ ಕೊಡಲಿಲ್ಲವಲ್ಲ. ಕಾನೂನು ಕೇಳೋದು ಅಷ್ಟನ್ನೇ.

— ಕೊಡೋ ಹಾಗಿರಲಿಲ್ಲ. ಅವಳು ಯಾವ ಬಂಡಿಯಲ್ಲಿ ಹೋದಳು ಅಂತ ಬಿಡಿಸಿ ಹೇಳೋಕೆ ಹೊರಟರೆ, ತನ್ನ ಬಂಡಿಯಲ್ಲಿ ಇದ್ದವನು ಆರ್ಯಕ ಅನ್ನೋದು ಹೊರಗೆ ಬರುತ್ತೆ. ಅವನ ಬೇಡಿ ಕಳಚಿ ಕಳಿಸಿದವನು ಚಾರುದತ್ತನೇ. ಒಂದು ಕೊಲೆಯಿಂದ ತಪ್ಪಿಸಿಕೊಳ್ಳೋಕೆ ರಾಜದ್ರೋಹ ಒಪ್ಪಿಕೊಳ್ಳಬೇಕು, ಶರಣು ಬಂದವನನ್ನ ಹಿಡಿದುಕೊಡಬೇಕು. ವಕೀಲನ ಕಣ್ಣಿಗೆ ಕಾಣೋ ಕಾರಣ ಇದು.

— ನಾನು ಒಪ್ಪಲ್ಲ ಮಾವ. ಮಗುವಿನ ಆಟದ ಬಂಡಿ ವಿಷಯ ಹೇಳೋಕೆ ಆರ್ಯಕನ ಹೆಸರು ಎಲ್ಲಿ ಬೇಕು? ಅದು ಬೇರೆ ಬಂಡಿ. ಅವನ ಬಾಯಿ ಕಟ್ಟಿದ್ದು ಬಡತನ. ಮೂರನೇ ಅಂಕದಲ್ಲಿ ಶರ್ವಿಲಕ ಗೋಡೆಗೆ ಕನ್ನ ಹಾಕಿ, ವಸಂತಸೇನೆ ಇವನ ಹತ್ತಿರ ಇಟ್ಟಿದ್ದ ಒಡವೆ ಕದ್ದುಕೊಂಡು ಹೋದಾಗಲೇ ಹೇಳಿದ್ದ: ಕಳುವಾಯ್ತು ಅಂದರೆ ಯಾರು ನಂಬ್ತಾರೆ, ಬಡವನನ್ನ ಎಲ್ಲರೂ ಶಂಕಿಸ್ತಾರೆ ಅಂತ. ಆಗ ಕಣ್ಣೆದುರಿಗೆ ಗೋಡೆಯಲ್ಲಿ ತೂತಿತ್ತು, ಆದರೂ ನಂಬಲ್ಲ ಅಂದುಕೊಂಡ. ಈಗ ತೋರಿಸೋಕೆ ಏನಿದೆ? ವೇಶ್ಯೆಯೊಬ್ಬಳು ನನ್ನ ಮಗನ ಮಣ್ಣಿನ ಆಟಿಕೆಗೆ ಚಿನ್ನ ತುಂಬಿದಳು ಅಂತ ಕೋರ್ಟಿನಲ್ಲಿ ಹೇಳಿದರೆ ಶಕಾರ ನಗಲ್ಲವಾ? ಅವಳು ನಿನ್ನ ಸ್ನೇಹಿತೆಯಾ ಅಂತ ಕೇಳಿದಾಗಲೇ ಅವನು ನಾಚಿಕೊಂಡ. ನಿಜ ಹೇಳಿದರೂ ಸುಳ್ಳಿನ ಹಾಗೆ ಕೇಳುತ್ತೆ ಅನ್ನೋ ಭಯ ಅದು. ಜೊತೆಗೆ ಅವಳು ಸತ್ತಳು ಅಂತ ಅವನೂ ನಂಬಿಬಿಟ್ಟಿದ್ದ, ಇನ್ನು ಬದುಕಿ ಏನು ಅಂತ.

— ಆಗಲಿ, ರಂಗದ ಮೇಲೆ ನಿನ್ನ ಕಾರಣವೇ ಹೆಚ್ಚು ಕೆಲಸ ಮಾಡುತ್ತೆ. ಆದರೆ ಮೂರನೇ ಅಂಕದಲ್ಲಿ ಮೈತ್ರೇಯ ಕೊಟ್ಟ ಸಲಹೆ ಬಿಡಬೇಡ. ಯಾರು ಕೊಟ್ಟರು, ಯಾರು ತಗೊಂಡರು, ಸಾಕ್ಷಿ ಯಾರು ಅಂತ ನಿರಾಕರಿಸಿಬಿಡೋಣ ಅಂದಿದ್ದ. ನಾನು ಸುಳ್ಳು ಹೇಳಲಾ ಅಂತ ಚಾರುದತ್ತ ತಳ್ಳಿಹಾಕಿದ. ಒಂಬತ್ತರಲ್ಲಿ ಆ ಸುಳ್ಳನ್ನ ಹೇಳಿದವಳು ಆ ತಾಯಿ. ಇವನು ಅವಳ ಸುಳ್ಳನ್ನೂ ಹಾಳುಮಾಡಿದ.

— ನ್ಯಾಯಾಧೀಶ ಮೊದಲು ಅವನ ಮುಖ ನೋಡಿಯೇ ಇವನು ಅಪರಾಧಿಯಲ್ಲ ಅಂತಾನೆ. ಎತ್ತರದ ಮೂಗು, ಅಗಲವಾದ ಕಣ್ಣು ಅಂತ ವರ್ಣನೆ ಬೇರೆ. ಈ ಪದ್ಯ ಇಟ್ಟುಕೊಳ್ಳಲಾ?

— ಇಟ್ಟುಕೋ. ಮೂಗು ನೋಡಿ ನಿರಪರಾಧಿ ಅಂದವನು, ಗಂಟು ನೋಡಿ ಅಪರಾಧಿ ಅಂದ. ಎರಡು ಸಲವೂ ಎದುರಿಗೆ ಕಂಡದ್ದನ್ನ ನಂಬಿದ. ಹಾಗಂತ ಅವನನ್ನ ಪೂರ್ತಿ ಬಿಟ್ಟುಕೊಡಬೇಡ. ಬ್ರಾಹ್ಮಣನನ್ನ ಕೊಲ್ಲೋ ಹಾಗಿಲ್ಲ ಅಂತ ಮನು ಹೇಳಿದ್ದಾನೆ, ಆಸ್ತಿ ಸಮೇತ ಗಡೀಪಾರು ಸಾಕು ಅಂತ ಶಿಫಾರಸು ಮಾಡಿ ರಾಜನಿಗೆ ಬಿಡ್ತಾನೆ. ನಿರ್ಣಯ ನಮ್ಮದು, ಉಳಿದದ್ದು ರಾಜನದು ಅಂತ. ನಿಜವಾಗಿ ಸಂಶಯ ಇಲ್ಲದೇ ಇದ್ದಿದ್ದರೆ ಈ ದಾರಿ ಹುಡುಕ್ತಿದ್ದನಾ? ಅದು ದಾಕ್ಷಿಣ್ಯ. ತೀರ್ಪಿನಲ್ಲಿ ಸಂಶಯ ಬರೆಯೋ ಧೈರ್ಯ ಇಲ್ಲದವರು ಶಿಕ್ಷೆಯಲ್ಲಿ ರಿಯಾಯಿತಿ ಬರೀತಾರೆ. ನಮ್ಮ ಕಾಲದಲ್ಲೂ ಕಂಡಿದ್ದೀನಿ.

— ಆ ತಾಯಿ ಕೇಳಿಕೊಂಡಳು, ಸತ್ತವಳು ನನ್ನ ಮಗಳು, ದೂರು ನನ್ನದಾಗಬೇಕು, ನನಗೆ ಬೇಡ, ಅವನನ್ನ ಬಿಡಿ ಅಂತ. ಅವಳನ್ನ ಹೊರಗೆ ಕಳಿಸಿಬಿಟ್ಟರು. ಪಾಲಕನ ಆಜ್ಞೆ ಬಂತು: ಅವೇ ಒಡವೆಯನ್ನ ಕೊರಳಿಗೆ ಕಟ್ಟಿ, ಡಂಗುರ ಹೊಡೆಸಿ, ದಕ್ಷಿಣದ ಸ್ಮಶಾನಕ್ಕೆ ಕರೆದೊಯ್ದು ಶೂಲಕ್ಕೆ ಹಾಕಿ.

— ಮುದ್ದೆಮಾಲು ಆರೋಪಿಯ ಕೊರಳಿಗೆ! ಹತ್ತನೇ ಅಂಕದಲ್ಲಿ ಇದಕ್ಕೇ ಇನ್ನೊಂದು ಜೋಡಿ ಇಟ್ಟಿದ್ದಾನೆ ಶೂದ್ರಕ, ಅದನ್ನಂತೂ ಕತ್ತರಿಸಿದರೆ ನಾನು ನಿನ್ನ ನಾಟಕಕ್ಕೆ ಬರಲ್ಲ. ಶಕಾರನ ಆಳು ಸ್ಥಾವರಕ, ಕೊಂದವನು ಯಾರು ಅಂತ ಬಲ್ಲ ಸಾಕ್ಷಿ. ಮಹಡಿಯಲ್ಲಿ ಕೂಡಿಹಾಕಿದ್ದರೆ ಕಿಟಕಿಯಿಂದ ಹಾರಿ ಬಂದು, ಕೊಂದವನು ನನ್ನ ಒಡೆಯ ಅಂತ ಕೂಗ್ತಾನೆ. ಶಕಾರ ಗುಟ್ಟಾಗಿ ಅವನ ಕೈಗೆ ಚಿನ್ನದ ಕಡಗ ಇಡ್ತಾನೆ, ಸುಮ್ಮನಿರು ಅಂತ. ಅವನು ಅದನ್ನ ಎತ್ತಿ ಎಲ್ಲರಿಗೂ ತೋರಿಸ್ತಾನೆ: ನೋಡಿ, ಲಂಚ. ಶಕಾರ ಅದನ್ನೇ ಕಿತ್ತುಕೊಂಡು: ಇದೇ ಅವನು ಕದ್ದ ಚಿನ್ನ, ಇದಕ್ಕೇ ಕಟ್ಟಿಹಾಕಿದ್ದೆ. ಬೇಕಾದರೆ ಬೆನ್ನ ಮೇಲಿನ ಏಟು ನೋಡಿ.

— ಶೂಲಕ್ಕೆ ಕರೆದೊಯ್ತಿರೋ ಚಂಡಾಲರು ನೋಡ್ತಾರೆ, ಬಾಸುಂಡೆ ಇದೆ. ಹೌದಲ್ಲ, ಏಟು ತಿಂದ ಆಳು ಸಿಟ್ಟಿಗೆ ಏನು ಬೇಕಾದರೂ ಹೇಳ್ತಾನೆ ಅಂತ ನಂಬಿಬಿಡ್ತಾರೆ.

— ಕಡಗ ನಿಜ, ಬಾಸುಂಡೆ ನಿಜ. ಮತ್ತೆ ಅದೇ ಕಥೆ. ಒಡೆಯನ ಕೈಯಿಂದ ಆಳಿನ ಕೈಗೆ ಬಂದ ಚಿನ್ನ, ಆಳು ಬಾಯಿ ಬಿಟ್ಟ ತಕ್ಷಣ ಕಳ್ಳಮಾಲು. ಇದನ್ನ ನಿಧಾನವಾಗಿ ಆಡಿಸು. ಕಡಗ ಎರಡು ಸಲ ಕೈ ಬದಲಾಗೋದು ಜನಕ್ಕೆ ಲೆಕ್ಕ ಸಿಗಬೇಕು. ಅದಿರಲಿ, ಪಾಲಕನ ಪಾತ್ರಕ್ಕೆ ಯಾರನ್ನ ಹಾಕಿದ್ದೀಯ?

— ಪಾಲಕ ರಂಗಕ್ಕೆ ಬರೋದೇ ಇಲ್ಲ ಮಾವ, ಹತ್ತು ಅಂಕದಲ್ಲಿ ಒಂದು ಸಲವೂ. ಕೋರ್ಟಿನ ಆಳು ಶೋಧನಕ ಹೋಗಿ ಕೇಳಿಕೊಂಡು ಬರ್ತಾನೆ. ಅವನು ಹೋಗಿ ಬರೋವರೆಗೆ ಏನು ತುಂಬಿಸಲಿ ಅಂತ ಯೋಚಿಸ್ತಿದ್ದೆ. ಒಂದು ಹಾಡು ಇಡೋಣ ಅಂತ ಹುಡುಗರು.

— ಹಾಡೂ ಬೇಡ, ಏನೂ ಬೇಡ. ಮೂಲದಲ್ಲಿ ಇದ್ದ ಹಾಗೇ ಬಿಡು: ಹೋದ, ಬಂದ. ಆ ಬಾಗಿಲಿನಿಂದ ಹೊರಗೆ ಹೋಗಿ ಈ ಬಾಗಿಲಿನಿಂದ ಒಳಗೆ ಬರಲಿ. ರಾಜ ಕಡತ ಓದೋಕೆ ಎಷ್ಟು ಹೊತ್ತು ತಗೊಂಡ ಅಂತ ಮುಂದಿನ ಸಾಲಿನಲ್ಲಿ ಕೂತವರು ಕೈಗಡಿಯಾರ ನೋಡಿಕೊಳ್ಳಲಿ.